ಡೆಂಗಿ ಲಾರ್ವಾ ನೋಡೋಕೆ ಮನೆಯೊಳಗೆ ಬರ್ತಾರೆ, ದಂಡ ಅಂತಾರೆ. ಬೇಡ ಅನ್ನಬಹುದಾ?

ನಿಟುವಳ್ಳಿ ಬಾಡಿಗೆದಾರ, ದಾವಣಗೆರೆ
ನಮ್ಮ ಬೀದಿಗೆ ನಲ್ಲಿ ನೀರು ಯಾವತ್ತು ಬರುತ್ತೆ ಅಂತ ಹೇಳೋಕಾಗಲ್ಲ. ಹಾಗಾಗಿ ಬಚ್ಚಲಲ್ಲಿ ಡ್ರಮ್ಮು, ಹಿತ್ತಲಲ್ಲಿ ಸಿಮೆಂಟ್ ತೊಟ್ಟಿ ಯಾವಾಗಲೂ ತುಂಬಿಟ್ಟಿರುತ್ತೇವೆ. ಮೊನ್ನೆ ಲಾರ್ವಾ (ನೀರಲ್ಲಿರುವ ಸೊಳ್ಳೆ ಮರಿಹುಳ) ಸಮೀಕ್ಷೆ ಅಂತ ಬಂದವರು, ಮನೆಯಲ್ಲಿ ಅತ್ತೆ ಒಬ್ಬರೇ ಇದ್ದಾಗ, ಕೇಳದೆ ಅಡುಗೆಮನೆವರೆಗೆ ಹೋಗಿ ಫ್ರಿಜ್ ಹಿಂದೆಯೆಲ್ಲ ನೋಡಿ ಫೋಟೋ ತೆಗೆದುಕೊಂಡು, ಮುಂದಿನ ಸಲ ಹುಳ ಕಂಡರೆ ದಂಡ ಅಂತ ಹೇಳಿ ಹೋದರು. ಡೆಂಗಿ ಎಷ್ಟು ಕೆಟ್ಟದ್ದು ಅಂತ ಗೊತ್ತು. ಆದರೆ ನೀರು ಸರಿಯಾಗಿ ಬಿಡದೆ, ಕೂಡಿಟ್ಟ ನೀರಿಗೆ ದಂಡ ಹಾಕೋದು ನ್ಯಾಯವಾ? ಒಳಗೆ ಬರಬೇಡಿ ಅನ್ನೋ ಹಕ್ಕು ನನಗಿಲ್ವಾ?

ಕೋರ್ಟ್ ರಸ್ತೆ ವಕೀಲ
ದಂಡಕ್ಕೆ ಕಾನೂನು ಇದೆ ಸರ್. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ನಿಯಮ ತಿದ್ದಿತು. ಮನೆಯಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಖಾಲಿ ಸೈಟು, ಕಟ್ಟಡ ಕೆಲಸದ ಜಾಗಕ್ಕೆ ನಗರದಲ್ಲಿ 2000. ಆದರೆ ಕಾನೂನು ಇದೆ ಅಂದ ಮಾತ್ರಕ್ಕೆ ಹೇಗೆ ಬೇಕಾದರೂ ನುಗ್ಗಬಹುದು ಅಂತಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿದೆ. ಅದಕ್ಕೆ ಕೈ ಹಾಕಬೇಕಾದರೆ ಕಾನೂನೂ ಇರಬೇಕು, ಸರಿಯಾದ ಕಾರಣವೂ ಇರಬೇಕು, ಮಾಡುವ ಕ್ರಮ ಅಗತ್ಯಕ್ಕಿಂತ ಜಾಸ್ತಿ ಆಗಬಾರದು. ಕೋವಿಡ್ ಲಸಿಕೆ ಪ್ರಕರಣದಲ್ಲೂ ಅಷ್ಟೇ. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಆದರೆ ಜನರ ಆರೋಗ್ಯಕ್ಕಾಗಿ ಸರ್ಕಾರ ಕೆಲವು ನಿರ್ಬಂಧ ಹಾಕಬಹುದು ಅಂತ 2022ರ ಮೇ 2ರಂದು ಕೋರ್ಟ್ ಹೇಳಿತು. ತೊಟ್ಟಿ ನೋಡಲು ಬಿಡಿ. ಗುರುತಿನ ಚೀಟಿ ಕೇಳಿ. ಮನೆಯೊಳಗಿನ ಫೋಟೋ ಯಾಕೆ, ಎಲ್ಲಿಗೆ ಹೋಗುತ್ತೆ ಅಂತ ಧೈರ್ಯವಾಗಿ ಕೇಳಿ.

ಆಶಾ ಕಾರ್ಯಕರ್ತೆ, ಚಿತ್ರದುರ್ಗ
ಅಣ್ಣಾ, ಕೇಳದೆ ಒಳಗೆ ಹೋಗಿದ್ದು ತಪ್ಪು, ನಾನು ಒಪ್ಪುತ್ತೇನೆ. ಆದರೆ ಫ್ರಿಜ್ ಹಿಂದೆ ನೋಡಿದ್ದು ಸುಮ್ನೆ ಅಲ್ಲ. ಅದರ ತಟ್ಟೆಯಲ್ಲಿ ನಿಲ್ಲುವ ಸ್ವಲ್ಪ ನೀರೇ ಸಾಕು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ. ಇದು ಚರಂಡಿ ಸೊಳ್ಳೆ ಅಲ್ಲ, ಮನೆಯ ಶುದ್ಧ ನೀರಲ್ಲೇ ಬೆಳೆದು ಹಗಲಲ್ಲೇ ಕಚ್ಚುತ್ತದೆ. ಮೊಟ್ಟೆ ಇಡೋದು ನೀರಿನ ಅಂಚಿಗೆ, ತೊಟ್ಟಿಯ ಗೋಡೆ ಮೇಲೆ. ತೊಟ್ಟಿ ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಹಾಗೇ ಇದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ಅದಕ್ಕೇ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಗೋಡೆ ಉಜ್ಜಬೇಕು, ಮೇಲೆ ಬಟ್ಟೆ ಬಿಗಿಯಾಗಿ ಕಟ್ಟಬೇಕು. ನಿಮ್ಮ ತೊಟ್ಟಿಯ ಸೊಳ್ಳೆ ಪಕ್ಕದ ಮನೆ ಮಗುವನ್ನೂ ಕಚ್ಚುತ್ತೆ, ಅಲ್ವಾ? ಆ ಮಗುವಿಗೂ ಹಕ್ಕಿದೆ. ಬಾಗಿಲಲ್ಲೇ ಬೈಸಿಕೊಂಡು ವಾಪಸ್ ಬಂದ ಬೀದಿಯಲ್ಲಿ ಜ್ವರ ಶುರುವಾದಾಗ ನಮಗೆ ಹೇಗಾಗುತ್ತೆ ಹೇಳಿ.

ಕೋಟೆ ಊರಿನವನು
ಅಕ್ಕಾ, ನಿಮ್ಮ ಕಷ್ಟ ಒಪ್ಪಿದೆ. ನನ್ನ ಸಿಟ್ಟು ನಿಮ್ಮ ಮೇಲಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ನಮ್ಮ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಮನೆಗೆ ಬಂದ ನೀರನ್ನು ನಂಬಿ ಕುಡಿದಿದ್ದರು, ಅಷ್ಟೇ. ನೀರು ಕೊಡೋದು, ಅದು ಶುದ್ಧವಾಗಿದೆಯಾ ಅಂತ ನೋಡೋದು ಸಾರ್ವಜನಿಕ ಆರೋಗ್ಯದ ಮೊದಲ ಕೆಲಸ. ಅದನ್ನು ಬಿಟ್ಟು ಬಡವರ ಡ್ರಮ್ಮಿಗೆ ಟಾರ್ಚ್ ಹಾಕೋದರಿಂದ ಶುರು ಮಾಡಿದರೆ ಜನ ಹೇಗೆ ನಂಬುತ್ತಾರೆ? ಟೈರು, ತೆಂಗಿನ ಚಿಪ್ಪು ತುಂಬಿದ ಖಾಲಿ ಸೈಟಿನ ಮಾಲೀಕರಿಗೆ ಮೊದಲು ಆ 2000 ಹಾಕಲಿ. ಆಮೇಲೆ ನನ್ನ ಮನೆಗೆ ಬರಲಿ, ನಾನೇ ಬಾಗಿಲು ತೆಗೆಯುತ್ತೇನೆ.

ನಿಟುವಳ್ಳಿ ಬಾಡಿಗೆದಾರ
ಅಕ್ಕಾ, ಗೋಡೆಯ ಮೊಟ್ಟೆ ವಿಷಯ ಗೊತ್ತೇ ಇರಲಿಲ್ಲ, ಭಾನುವಾರ ತೊಟ್ಟಿ ಉಜ್ಜುತ್ತೇನೆ. ವಕೀಲರೇ, ನಮ್ಮ ವಾರ್ಡಿನಲ್ಲಿ ಎಷ್ಟು ಖಾಲಿ ಸೈಟಿಗೆ ದಂಡ ಹಾಕಿದ್ದಾರೆ ಅಂತ ಕೇಳಬಹುದಾ?

ಕೋರ್ಟ್ ರಸ್ತೆ ವಕೀಲ
ಖಂಡಿತ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಫೋಟೋ ಬಗ್ಗೆ ಬೇರೆ ದೂರು ಬರೆದುಕೊಡಿ, ಸ್ವೀಕೃತಿ ಪಡೆಯದೆ ಬರಬೇಡಿ.