ಎದುರಿನವರು ಒರಟಾಗಿದ್ದರೂ ಸೌಜನ್ಯ ಬಿಡದೆ ಇರೋದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದವರು:
ಕೆಲಸದ ಜಾಗದಲ್ಲಿ ಒಬ್ಬರಿದ್ದಾರೆ. ನಾನು ನಮಸ್ಕಾರ ಅಂದರೆ ಫೋನ್ ನೋಡುತ್ತಾ ಮುಂದೆ ಹೋಗುತ್ತಾರೆ. ಮೀಟಿಂಗ್‌ನಲ್ಲಿ ನನ್ನ ಮಾತಿಗೆ ಅರ್ಧಕ್ಕೇ ಅಡ್ಡ ಬರುತ್ತಾರೆ. ಏನಾದರೂ ಸಹಾಯ ಬೇಕಾದಾಗ ಮಾತ್ರ ನನ್ನ ಹೆಸರು ನೆನಪಾಗುತ್ತದೆ. ಮನೆಯಲ್ಲಿ ಹೇಳಿಕೊಂಡರೆ "ನೀನು ಮೆತ್ತಗಿದ್ದೀಯ, ಅದಕ್ಕೇ ತಲೆ ಮೇಲೆ ಕೂತಿದ್ದಾರೆ" ಅಂತಾರೆ. ಅವರ ಥರ ಆಗೋಕೆ ನನಗೆ ಇಷ್ಟ ಇಲ್ಲ. ಆದರೆ ದಿನಾ ಹೀಗೇ ಆದರೆ ಸುಸ್ತಾಗುತ್ತದೆ. ಇಂಥದ್ದನ್ನು ದಾಟಿ ಬಂದವರು ಏನು ಮಾಡಿದಿರಿ?

ಕಾಲ್ ಸೆಂಟರ್‌ನಲ್ಲಿರುವವರು:
ಗ್ರಾಹಕರ ದೂರು ಕೇಳುವ ಕೆಲಸ ನನ್ನದು. ಬೈಗುಳ ಇಲ್ಲದ ದಿನವೇ ಇಲ್ಲ. ಒಬ್ಬರು ಕಿರುಚಾಡಿ ಫೋನ್ ಇಟ್ಟ ಕೂಡಲೇ ಮುಂದಿನ ಕಾಲ್ ಬಂದಿರುತ್ತದೆ. ಆ ಕಡೆ ಇರುವವರಿಗೆ ಈಗಷ್ಟೇ ಏನಾಯಿತು ಅಂತ ಗೊತ್ತಿರೋದಿಲ್ಲ. ನನ್ನ ದನಿಯಲ್ಲಿ ಸಿಟ್ಟು ಉಳಿದಿದ್ದರೆ ಅದು ಹೋಗಿ ತಟ್ಟೋದು ಏನೂ ಮಾಡದ ಈ ಮನುಷ್ಯನಿಗೆ. ನನಗೆ ತುಂಬಾ ಬೇಜಾರಾಗೋದು ಇದೇ ವಿಷಯಕ್ಕೆ. ಬೈದವರು ಬೈದು ಹೋಗಿರುತ್ತಾರೆ, ಪೆಟ್ಟು ಬೀಳೋದು ಇನ್ಯಾರಿಗೋ.

ಅದಕ್ಕೆ ನಾನು ಹೆಡ್‌ಸೆಟ್ ತೆಗೆದು ಮೇಜಿನ ಮೇಲೆ ಇಡುತ್ತೇನೆ. ಒಂದು ಗುಟುಕು ನೀರು ಕುಡಿಯುತ್ತೇನೆ. ಮತ್ತೆ ಹಾಕಿಕೊಳ್ಳುತ್ತೇನೆ. ಅಷ್ಟೇ. ಹೊಸದಾಗಿ ಸೇರಿದವರಿಗೂ ಮೊದಲು ಇದನ್ನೇ ಹೇಳಿಕೊಡುತ್ತೇನೆ. ಕೂಗಾಡುವವರ ಜೊತೆ ದನಿ ತಗ್ಗಿಸಿ, ನಿಧಾನವಾಗಿ ಮಾತಾಡುತ್ತೇನೆ. ನಾನು ಹೇಳಿದ್ದು ಕೇಳಿಸಬೇಕು ಅಂದರೆ ಅವರೂ ಸ್ವಲ್ಪ ತಗ್ಗಬೇಕಾಗುತ್ತದೆ. ಎಲ್ಲರೂ ತಗ್ಗುತ್ತಾರೆ ಅಂತಲ್ಲ. ಹೊಲಸು ಮಾತು ಬಂದರೆ "ಹೀಗೆ ಮಾತಾಡಿದರೆ ಕಾಲ್ ಮುಗಿಸಬೇಕಾಗುತ್ತದೆ" ಅಂತ ಒಮ್ಮೆ ಹೇಳುತ್ತೇನೆ. ಆಮೇಲೂ ನಿಲ್ಲದಿದ್ದರೆ ಮುಗಿಸಿಬಿಡುತ್ತೇನೆ.

ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು:
"ಯಾರೋ ಒರಟಾಗಿ ಮಾತಾಡಿದರೆ ಏನು ಮಹಾ, ಕಿವಿಗೆ ಹಾಕಿಕೊಳ್ಳಬೇಡ" ಅನ್ನುವವರಿಗೆ ನಾನು ಒಂದು ಅಧ್ಯಯನದ ವಿಷಯ ಹೇಳುತ್ತಿರುತ್ತೇನೆ. ಇಸ್ರೇಲ್‌ನಲ್ಲಿ ಮಾಡಿದ್ದು, 2015ರಲ್ಲಿ ಪ್ರಕಟವಾಯಿತು. ನವಜಾತ ಶಿಶುಗಳ ಐಸಿಯುನಲ್ಲಿ ಕೆಲಸ ಮಾಡುವ 24 ತಂಡಗಳಿಗೆ ಒಂದು ಅಣಕು ಕೇಸ್ ಕೊಟ್ಟರು. ಅವಧಿಗೆ ಮುನ್ನ ಹುಟ್ಟಿದ ಮಗು, ಸ್ಥಿತಿ ಇದ್ದಕ್ಕಿದ್ದಂತೆ ಹದಗೆಡುತ್ತದೆ. ಹೊರದೇಶದ ತಜ್ಞರೊಬ್ಬರು ಕೆಲವು ತಂಡಗಳ ಮುಂದೆ ಸ್ವಲ್ಪ ಕೀಳಾಗಿ ಮಾತಾಡಿದರು. ಉಳಿದವರ ಮುಂದೆ ಮಾಮೂಲಾಗಿ ಮಾತಾಡಿದರು. ಕೀಳುಮಾತು ಕೇಳಿದ ತಂಡಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆಯಲ್ಲೂ ಹಿಂದೆ ಬಿದ್ದವು. ತಮಗೆ ಗೊತ್ತಿದ್ದನ್ನು ಒಬ್ಬರಿಗೊಬ್ಬರು ಹೇಳುವುದು, ಸಹಾಯ ಕೇಳುವುದು ಎರಡೂ ಕಡಿಮೆಯಾಯಿತು.

ವಾರ್ಡ್‌ನಲ್ಲಿ ನಾನು ಕಣ್ಣಾರೆ ನೋಡೋದೂ ಇದೇ. ದೊಡ್ಡವರು ಯಾರಾದರೂ ರೇಗಿದರೆ ಕಿರಿಯರು ತಕ್ಷಣ ಬಾಯಿ ಮುಚ್ಚಿಕೊಳ್ಳುತ್ತಾರೆ. ಡೋಸ್ ಬಗ್ಗೆ ಅನುಮಾನ ಇದ್ದರೂ ಕೇಳೋದಿಲ್ಲ. ಅಂಥ ಹೊತ್ತಲ್ಲಿ ನಾನು ಬೇಕಂತಲೇ ಹತ್ತಿರ ಹೋಗಿ "ಚಾರ್ಟ್ ಇಬ್ಬರೂ ಸೇರಿ ಇನ್ನೊಂದು ಸಲ ನೋಡೋಣ್ವಾ?" ಅಂತ ಕೇಳುತ್ತೇನೆ. ರೇಗಿದವರನ್ನು ಆ ಗಳಿಗೆಯಲ್ಲಿ ಬದಲಾಯಿಸೋಕೆ ನನ್ನಿಂದ ಆಗೋದಿಲ್ಲ. ಸುಮ್ಮನಾದ ಆ ಕಿರಿಯರ ಬಾಯಿ ಮತ್ತೆ ತೆರೆಸೋಕೆ ಆಗುತ್ತದೆ. ರೋಗಿಗೆ ಅದು ಜಾಸ್ತಿ ಮುಖ್ಯ.

ಕಂಪ್ಯೂಟರ್ ಪಾಠ ಮಾಡುವವರು:
ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೂ ಅಕ್ಕಾ, ನಿಮ್ಮ ಮನೆಯವರು ಹೇಳಿದ್ದರಲ್ಲೂ ಸ್ವಲ್ಪ ಸತ್ಯ ಇದೆ ಅನಿಸುತ್ತದೆ.

ರಾಬರ್ಟ್ ಆಕ್ಸೆಲ್‌ರಾಡ್ ಅನ್ನುವ ಅಮೆರಿಕದ ವಿದ್ವಾಂಸರು 1980ರ ಸುಮಾರಿಗೆ ಕಂಪ್ಯೂಟರ್ ಪ್ರೋಗ್ರಾಂಗಳ ಪಂದ್ಯ ನಡೆಸಿದ್ದರು. ಇಬ್ಬಿಬ್ಬರ ನಡುವೆ ಆಟ. ಪ್ರತಿ ಸುತ್ತಿನಲ್ಲೂ ಸಹಕರಿಸಬೇಕಾ, ಕೈಕೊಡಬೇಕಾ ಅಂತ ತೀರ್ಮಾನಿಸಬೇಕು. ಮೊದಲ ಪಂದ್ಯಕ್ಕೆ 14 ಪ್ರೋಗ್ರಾಂ ಬಂದವು, ಎರಡನೆಯದಕ್ಕೆ 62. ಎರಡೂ ಸಲ ಗೆದ್ದಿದ್ದು ಅನಾಟೊಲ್ ರಾಪೊಪೋರ್ಟ್ ಕಳಿಸಿದ ಪುಟ್ಟ ಪ್ರೋಗ್ರಾಂ. ಮೊದಲು ಸಹಕರಿಸು, ಆಮೇಲೆ ಎದುರಿನವರು ಹಿಂದಿನ ಸುತ್ತಲ್ಲಿ ಮಾಡಿದ್ದನ್ನೇ ಮಾಡು, ಇಷ್ಟೇ ಅದರ ನಿಯಮ. ತಾನಾಗಿ ಎಂದೂ ಕೈಕೊಡೋದಿಲ್ಲ. ಕೈಕೊಟ್ಟರೆ ಸುಮ್ನೆ ಇರೋದೂ ಇಲ್ಲ. ಎದುರಿನವರು ಸರಿಹೋದರೆ ಹಳೆಯದನ್ನು ಎತ್ತಾಡೋದಿಲ್ಲ. ಆದರೆ ಅದಕ್ಕೂ ಒಂದು ತೊಡಕಿದೆ. ಒಂದೇ ಒಂದು ನಡೆಯನ್ನು ತಪ್ಪಾಗಿ ತಿಳಿದರೂ ಸೇಡಿಗೆ ಸೇಡು ಶುರುವಾಗಿ ನಿಲ್ಲೋದೇ ಇಲ್ಲ. ಅಂಥ ಕಡೆ ಆಗಾಗ ಒಂದನ್ನು ಕ್ಷಮಿಸಿಬಿಡುವ ಪ್ರೋಗ್ರಾಂ ಚೆನ್ನಾಗಿ ಆಡುತ್ತದೆ. ಮನುಷ್ಯರ ನಡುವೆ ತಪ್ಪು ತಿಳಿಯೋದು ದಿನಾ ಇದ್ದದ್ದೇ, ಅಲ್ವಾ?

ಅದಕ್ಕೆ ನಾನು ಬಿಟ್ಟುಬಿಡಬಹುದಾದದ್ದನ್ನೂ ಬಿಡಬಾರದ್ದನ್ನೂ ಬೇರೆ ಬೇರೆ ಮಾಡಿ ನೋಡುತ್ತೇನೆ. ನಮಸ್ಕಾರಕ್ಕೆ ಉತ್ತರ ಬರಲಿಲ್ಲವಾ, ಬಿಟ್ಟುಬಿಡಿ. ಅವರ ತಲೆಯಲ್ಲಿ ಏನಿತ್ತೋ. ಮೀಟಿಂಗ್‌ನಲ್ಲಿ ಅಡ್ಡ ಬರೋದು ಮತ್ತೆ ಮತ್ತೆ ಆಗುತ್ತಿದೆ, ಅದರಿಂದ ನಿಮ್ಮ ಕೆಲಸಕ್ಕೆ ತೊಂದರೆ. ಅದನ್ನು ಬಿಡಬೇಡಿ. "ಒಂದು ನಿಮಿಷ, ಇದನ್ನು ಮುಗಿಸುತ್ತೇನೆ, ಆಮೇಲೆ ನೀವು ಹೇಳಿ" ಅನ್ನಿ. ನಗಬೇಡಿ, ಸಿಡುಕಬೇಡಿ, ಅವರ ಮುಖ ನೋಡಿಯೇ ಹೇಳಿ. ಆಮೇಲೆ ನಿಜವಾಗಿಯೂ ಅವರಿಗೆ ಮಾತಾಡಲು ಬಿಡಿ. ಅದನ್ನು ಮರೆಯಬಾರದು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮೀಟಿಂಗ್ ವಿಷಯ ಗೊತ್ತಾಯಿತು. ಹಾಗಾದರೆ ಅವರು ಸಹಾಯ ಕೇಳಿಕೊಂಡು ಬಂದಾಗ? ಅದೇ ನನಗೆ ಕಷ್ಟ. ಬಾಯಲ್ಲಿ ಹೂಂ ಅಂತೀನಿ, ಒಳಗೆ ಕುದೀತಿರ್ತೀನಿ.

ನಿವೃತ್ತರಾದ ಒಬ್ಬರು:
ಅಮ್ಮಾ, ಬೇರೆ ಯಾರು ಬಂದು ಕೇಳಿದ್ದರೂ ನೀನು ಎಷ್ಟು ಮಾಡುತ್ತಿದ್ದೆಯೋ ಅಷ್ಟು ಮಾಡು. ಅದಕ್ಕಿಂತ ಕಡಿಮೆ ಬೇಡ, ಮೆಚ್ಚಿಸೋಕೆ ಅಂತ ಜಾಸ್ತಿಯೂ ಬೇಡ. ನಾನು ಎಷ್ಟೋ ವರ್ಷ ಒರಟು ಮೇಲಧಿಕಾರಿಗಳ ಕೈಕೆಳಗೆ ಇದೇ ಅಳತೆ ಇಟ್ಟುಕೊಂಡು ಕೆಲಸ ಮಾಡಿದೆ. ಕೈಯಲ್ಲಿ ಬೇರೆ ಕೆಲಸ ಇದ್ದರೆ "ಇವತ್ತು ಆಗಲ್ಲ, ನಾಳೆ ಮಧ್ಯಾಹ್ನದ ಮೇಲೆ ನೋಡುತ್ತೇನೆ" ಅಂತ ನೇರವಾಗಿ ಹೇಳು. ಒಳಗೆ ಕುದಿಯೋದು ಬಹಳ ಸಲ ಆಗಲ್ಲ ಅನ್ನಬೇಕಾದ ಕಡೆ ಹೂಂ ಅಂದಿದ್ದಕ್ಕೆ. ನಾಳೆ ಅಂತ ಹೇಳಿದ ಮೇಲೆ ಮಾತ್ರ, ಅವರು ಬಂದು ಕೇಳುವ ಮೊದಲೇ ಮಾಡಿಕೊಡು.