ಮುಧೋಳ ನಾಯಿಯೋ, ಲ್ಯಾಬ್ರಡಾರೋ? ವಿಜಯಪುರದ ಮನೆಗೆ ಯಾವುದು ಸರಿ?

ತೋಟದವ, ವಿಜಯಪುರ:
ಎಲ್ಲರಿಗೂ ನಮಸ್ಕಾರ. ಮೊದಲ ಸಲ ನಾಯಿ ಸಾಕಬೇಕು ಅಂತಿದ್ದೇವೆ. ಊರಲ್ಲಿ ಸ್ವಂತ ಮನೆ, ಮುಂದೆ ಸಣ್ಣ ಅಂಗಳ, ಎದೆಮಟ್ಟದ ಕಾಂಪೌಂಡ್. ತಿಕೋಟಾ ಕಡೆ ದ್ರಾಕ್ಷಿ ತೋಟ ಇದೆ, ಅಲ್ಲಿ ಕೋಳಿ, ಆಡು ಇವೆ. ಮಕ್ಕಳಿಗೆ ಲ್ಯಾಬ್ ಬೇಕು. ನನಗೆ ಮುಧೋಳ ನಾಯಿ ಮೇಲೆ ಮನಸ್ಸು. ಅವ್ವನಿಗೆ ಮೊಣಕಾಲು ನೋವು, ನಾಯಿ ಮೈಮೇಲೆ ಹಾರಿದರೆ ಬೀಳುತ್ತಾಳೆ ಅನ್ನೋ ಹೆದರಿಕೆ. ಯಾವುದು ತರಲಿ?

ಮುಧೋಳ ಸೀಮೆಯವ:
ನಮಸ್ಕಾರ ಸರ್. ಮೊದಲು ಬಿಸಿಲಿನ ಲೆಕ್ಕ ಹಾಕಿ. ಲ್ಯಾಬ್ ಮೂಲದಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮೀನುಗಾರರ ನಾಯಿಗಳ ವಂಶ. ಎರಡು ಪದರದ ಕೂದಲು, ತಣ್ಣೀರಿಗೆ ಹೇಳಿ ಮಾಡಿಸಿದ ಮೈ. ನಿಮ್ಮಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ತಣ್ಣಗಾಗಬೇಕು. ಮಧ್ಯಾಹ್ನ ಲ್ಯಾಬನ್ನು ಫ್ಯಾನ್ ಕೆಳಗೆ, ಮನೆ ಒಳಗೇ ಇಟ್ಟುಕೊಳ್ಳಬೇಕಾಗುತ್ತದೆ. ಮುಧೋಳಕ್ಕೆ ಗಿಡ್ಡ ಕೂದಲು, ಮೈಯಲ್ಲಿ ಕೊಬ್ಬು ಕಡಿಮೆ. ನಮ್ಮ ಸೀಮೆಯ ಬಿಸಿಲಿನಲ್ಲೇ ಬೆಳೆದ ತಳಿ. ಆದರೂ ನೆರಳು, ನೀರು ಅದಕ್ಕೂ ಬೇಕೇ ಬೇಕು.

ಹಾಗಂತ ಮುಧೋಳ ಸುಲಭ ಅಂದುಕೊಳ್ಳಬೇಡಿ. ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ಏನಾದರೂ ಓಡಿದರೆ ಬೆನ್ನು ಹತ್ತುತ್ತದೆ, ಆಗ ಎಷ್ಟು ಕೂಗಿದರೂ ತಿರುಗಿ ನೋಡುವುದು ಕಷ್ಟ. ನಿಮ್ಮ ಕಾಂಪೌಂಡ್ ಅದಕ್ಕೆ ಲೆಕ್ಕಕ್ಕೇ ಇಲ್ಲ, ಮೇಲೆ ಜಾಳಿಗೆ ಹಾಕಿಸಿ ಆರಡಿ ಮಾಡಿ. ಹೊರಗಿನವರು ಮೈ ಮುಟ್ಟಿದರೆ ಇಷ್ಟಪಡುವುದಿಲ್ಲ. ದಿನವಿಡೀ ಕಟ್ಟಿಹಾಕಿದರಂತೂ ಸ್ವಭಾವವೇ ಕೆಡುತ್ತದೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಸೇನೆಯವರು ಮರಿಗಳನ್ನು ಮೀರತ್‌ನ ತಮ್ಮ ನಾಯಿ ತರಬೇತಿ ಕೇಂದ್ರಕ್ಕೆ ಒಯ್ದರು ಅನ್ನೋ ಹೆಮ್ಮೆ ನನಗೂ ಇದೆ. ಆ ಹೆಮ್ಮೆಗೇ ತಂದು, ಗೇಟಿಗೆ ಕಟ್ಟಿದವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ದಿನಾ ಅದನ್ನು ಓಡಿಸುವವರು ಯಾರು?

ತೋಟದವ, ವಿಜಯಪುರ:
ನಾನೇ. ಬೆಳಿಗ್ಗೆ ತೋಟಕ್ಕೆ ಹೋಗುವಾಗ ಕರೆದುಕೊಂಡು ಹೋಗಬಹುದು. ತೋಟಕ್ಕೆ ತಂತಿ ಬೇಲಿ ಇದೆ. ಒಣದ್ರಾಕ್ಷಿ ಮಾಡುವ ಶೆಡ್ಡೂ ಅಲ್ಲೇ. ಸೀಸನ್‌ನಲ್ಲಿ ಮನೆಯಲ್ಲೂ ಬಾಕ್ಸ್ ಇಟ್ಟಿರುತ್ತೇವೆ.

ಬೆಳಗಾವಿ ಅಕ್ಕ:
ನಮ್ಮ ಮನೆಯಲ್ಲಿ ಲ್ಯಾಬ್ ಇದೆ, ಜೀವಕ್ಕೆ ಜೀವ. ಮಕ್ಕಳ ಜೊತೆ ಇಷ್ಟು ಸಲೀಸಾಗಿ ಹೊಂದಿಕೊಳ್ಳುವ ನಾಯಿ ಸಿಗುವುದು ಕಷ್ಟ. ಆದರೆ ಒಣದ್ರಾಕ್ಷಿ ಅಂದಿರಲ್ಲ ತಮ್ಮಾ, ಅಲ್ಲಿ ಹೆದರಿಕೆ ಆಯಿತು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಅನ್ನುತ್ತಾರೆ, ಕಿಡ್ನಿ ಹೋಗುತ್ತದೆ. ಹುಣಸೆಹಣ್ಣಲ್ಲೂ ಆ ಆಮ್ಲ ಇದೆ. ಎಷ್ಟು ತಿಂದರೆ ಅಪಾಯ ಅಂತ ಒಂದು ಅಳತೆ ಇಲ್ಲ, ಒಂದು ನಾಯಿಗೆ ಸ್ವಲ್ಪವೇ ಸಾಕಾಗಬಹುದು. ಮೇಲಾಗಿ ಲ್ಯಾಬ್‌ಗೆ ಹಸಿವು ಜಾಸ್ತಿ. ಕೆಲವಕ್ಕೆ ಹೊಟ್ಟೆ ತುಂಬಿತು ಅಂತ ತಿಳಿಸುವ ಜೀನ್‌ನಲ್ಲೇ ದೋಷ ಇರುತ್ತದೆ. ಬಾಕ್ಸ್ ಹರಿದು ತಿನ್ನುವುದು ಅದಕ್ಕೆ ದೊಡ್ಡ ಕೆಲಸವಲ್ಲ.

ತೋಟದವ, ವಿಜಯಪುರ:
ಅಕ್ಕಾ, ಇದು ಗೊತ್ತೇ ಇರಲಿಲ್ಲ. ಹಾಗಾದರೆ ಮುಧೋಳಕ್ಕೆ ಒಣದ್ರಾಕ್ಷಿ ನಡೆಯುತ್ತದೆಯೇ?

ಮುಧೋಳ ಸೀಮೆಯವ:
ಇಲ್ಲ ಸರ್, ಯಾವ ನಾಯಿಗೂ ನಡೆಯಲ್ಲ. ಶೆಡ್ಡಿಗೆ ಬಾಗಿಲು ಹಾಕಿಸಿ, ಮನೆಯಲ್ಲಿ ಬಾಕ್ಸ್ ಅಟ್ಟದ ಮೇಲೆ ಇಡಿ. ತಿಂದಿದೆ ಅಂತ ಅನುಮಾನ ಬಂದರೂ ಸಾಕು, ಲಕ್ಷಣ ಕಾಣಲಿ ಅಂತ ಕಾಯದೆ ಪಶು ವೈದ್ಯರ ಹತ್ತಿರ ಓಡಿ. ಮೊದಲ ಒಂದೆರಡು ಗಂಟೆಯಲ್ಲೇ ಅವರು ವಾಂತಿ ಮಾಡಿಸಿದರೆ ಬಹಳ ಉಪಯೋಗ.

ನಿಮ್ಮ ಮನೆಗೆ ನಾನಂತೂ ಮುಧೋಳವನ್ನೇ ಹೇಳುತ್ತೇನೆ. ಬೇಲಿ ಇರುವ ತೋಟ, ದಿನಾ ಓಟ, ನಿಮ್ಮ ಬಿಸಿಲು, ಮೂರೂ ಅದಕ್ಕೆ ಕೂಡಿಬರುತ್ತವೆ. ಅವ್ವನ ವಿಷಯಕ್ಕೂ ಅದೇ ವಾಸಿ. ಎಳೆಯ ಲ್ಯಾಬ್ ಖುಷಿಗೆ ಎಲ್ಲರ ಮೇಲೂ ಹಾರುತ್ತದೆ, ಮೈಭಾರವೂ ಜಾಸ್ತಿ. ಮುಧೋಳ ಮನೆಯೊಳಗೆ ಸಾಮಾನ್ಯವಾಗಿ ಸುಮ್ನೆ ಮಲಗಿರುತ್ತದೆ. ಕೋಳಿ, ಆಡುಗಳನ್ನು ಮರಿಯಿದ್ದಾಗಲೇ ಪರಿಚಯ ಮಾಡಿಸಿ. ಆದರೂ ಅವುಗಳ ನಡುವೆ ಒಂಟಿಯಾಗಿ ಬಿಡಬೇಡಿ. ಜಾಳಿಗೆ ಹಾಕಿಸುವುದು ಆಗದಿದ್ದರೆ ಮಾತ್ರ ಲ್ಯಾಬ್ ನೋಡಿ.

ಮರಿಗೆ ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಮೊದಲು ವಿಚಾರಿಸಿ. 8 ವಾರ ತುಂಬುವ ಮುಂಚೆ ತಾಯಿಯಿಂದ ಬಿಡಿಸಬೇಡಿ. ಪಾರ್ವೊ ಅನ್ನೋ ವಾಂತಿ-ಭೇದಿಯ ವೈರಸ್ ರೋಗದ ಲಸಿಕೆಯ ಕಂತು ಮುಗಿಯುವವರೆಗೆ ಬೀದಿಗೂ ತೋಟಕ್ಕೂ ಇಳಿಸಬೇಡಿ. ಅಷ್ಟರಲ್ಲಿ ಜಾಳಿಗೆ ಕೆಲಸ ಮುಗಿಸಿಕೊಳ್ಳಬಹುದು.