ಇಬ್ಬರೂ ಬದಲಾದರೆ ಏನನ್ನಬೇಕು? ‘ಪಳಗು’ ಒಪ್ಪುತ್ತದೆಯೇ?

ಒಂದು ಪದದ ಬಗ್ಗೆ ಬಲ್ಲವರನ್ನು ಕೇಳಬೇಕಿದೆ.

ಸಿಂಧನೂರಿನಲ್ಲಿ ನಾವು ಏಳೆಂಟು ಮಂದಿ ತಿಂಗಳಿಗೊಮ್ಮೆ ಕೂತು ಕಾದಂಬರಿ ಓದುತ್ತೇವೆ. ಈಗಷ್ಟೇ ಸ್ಪೇನಿನ ಸರ್ವಾಂಟಿಸನ ‘ಡಾನ್ ಕ್ವಿಕ್ಸೋಟ್’ ಮುಗಿಯಿತು. ಅದರ ಬಗ್ಗೆ ನಾಲ್ಕು ಪುಟ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಪುಟದಲ್ಲೇ ಪೆನ್ನು ನಿಂತಿದೆ.

ಕ್ವಿಕ್ಸೋಟ್ ಬಡಕಲು, ಪುಸ್ತಕ ಓದಿ ಓದಿ ತಲೆ ಕೆಡಿಸಿಕೊಂಡವನು. ಅವನ ಜೊತೆಗಾರ ಸ್ಯಾಂಚೋ ಗುಂಡಗೆ, ಓದು ಬರಹ ಬಾರದವನು, ಬಾಯಿ ತೆರೆದರೆ ಗಾದೆ. ಒಬ್ಬ ಕುದುರೆ ಮೇಲೆ, ಒಬ್ಬ ಕತ್ತೆ ಮೇಲೆ. ಹೆಸರಿಗೆ ಒಡೆಯ, ಆಳು. ಓದ್ತಾ ಓದ್ತಾ ಗೆಳೆಯರೇ ಆಗಿಬಿಡುತ್ತಾರೆ. ಮೊದಲ ಭಾಗ ಬಂದದ್ದು 1605ರಲ್ಲಿ, ಎರಡನೆಯದು 1615ರಲ್ಲಿ. ಎರಡನೆಯದಕ್ಕೆ ಬರುವಷ್ಟರಲ್ಲಿ ಇಬ್ಬರ ಮಾತೂ ಬದಲಾಗಿದೆ. ಸ್ಯಾಂಚೋ ಮನೆಯಲ್ಲಿ ಹೆಂಡತಿಯ ಮುಂದೆ ದೊಡ್ಡ ದೊಡ್ಡ ಮಾತಾಡುತ್ತಾನೆ. ಅವಳು ಒಂದು ಪದ ತಪ್ಪು ಹೇಳಿದರೆ ತಿದ್ದುತ್ತಾನೆ, ಥೇಟ್ ತನ್ನ ಒಡೆಯ ತನ್ನನ್ನು ತಿದ್ದುವ ಹಾಗೆ. ಇತ್ತ ಗಾದೆ ಜಾಸ್ತಿಯಾಯಿತು ಅಂತ ಅವನಿಗೆ ಬೈಯುವ ಕ್ವಿಕ್ಸೋಟನ ಬಾಯಲ್ಲೇ ಗಾದೆ ಬಂದುಬಿಡುತ್ತದೆ. ಸ್ಯಾಂಚೋ ಸುಮ್ನೆ ಬಿಡುವುದಿಲ್ಲ, ಎತ್ತಿ ತೋರಿಸುತ್ತಾನೆ.

ಕೊನೆಗೆ ಹಾಸಿಗೆ ಹಿಡಿದ ಕ್ವಿಕ್ಸೋಟನಿಗೆ ತಲೆ ತಿಳಿಯಾಗುತ್ತದೆ. ಆಗ ‘ಸಾಯಬೇಡಿ, ಏಳಿ, ಕುರಿ ಕಾಯುವವರ ವೇಷ ಹಾಕಿಕೊಂಡು ಹೊಲದ ಕಡೆ ಹೋಗೋಣ’ ಅಂತ ಅಳುತ್ತಾ ಕರೆಯುವವನು ಸ್ಯಾಂಚೋ. ಆ ಪುಟ ಓದಿದ ಮೇಲೆ ನಮ್ಮಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹೀಗೆ ಒಬ್ಬರಿಂದೊಬ್ಬರು ಬದಲಾಗುವುದಕ್ಕೆ ಕನ್ನಡದಲ್ಲಿ ಏನನ್ನಬೇಕು? ಸ್ಪೇನಿನ ಲೇಖಕ ಸಾಲ್ವಡಾರ್ ದೆ ಮಾದರಿಯಾಗ 1926ರಲ್ಲೇ ಇದನ್ನು ಗುರುತಿಸಿ, ಸ್ಯಾಂಚೋ ಕ್ವಿಕ್ಸೋಟ್ ಆಗುತ್ತಾ ಹೋಗುತ್ತಾನೆ, ಕ್ವಿಕ್ಸೋಟ್ ಸ್ಯಾಂಚೋ ಆಗುತ್ತಾ ಬರುತ್ತಾನೆ ಎಂದು ಬರೆದರು. ‘ಸ್ಯಾಂಚೀಕರಣ’ ಅಂತ ಬರೆದು ನೋಡಿದೆ. ನಾಲಿಗೆ ಒಪ್ಪಲಿಲ್ಲ. ‘ಪರಸ್ಪರ ಪ್ರಭಾವ ಬೀರಿದರು’ ಅನ್ನುವುದು ಪರೀಕ್ಷೆಯ ಉತ್ತರದ ಹಾಗೆ ಕೇಳುತ್ತದೆ. ದಿನಾ ಒಟ್ಟಿಗೆ ನಡೆದು, ಜಗಳಾಡಿ, ಒಂದೇ ಬುತ್ತಿ ಉಂಡು ಆದ ಬದಲಾವಣೆ ಅದರಲ್ಲಿ ಕಾಣುವುದಿಲ್ಲ.

ಗೆಳೆಯ ಅನ್ನುವುದಕ್ಕೆ ನಮಗೆ ಪದಗಳ ಬರ ಇಲ್ಲ. ಹಳಗನ್ನಡದ ‘ಕೆಳೆ’ಯಿಂದ ಬಂದ ಗೆಳೆಯ ಇದ್ದಾನೆ, ರಾಯಚೂರು ಸೀಮೆಯಲ್ಲಿ ದೋಸ್ತ್ ಇದ್ದಾನೆ. ಆದರೆ ಗೆಳೆತನ ಏನು ಮಾಡುತ್ತದೆ ಅಂತ ಹೇಳುವ ಮಾತೆಲ್ಲ ಒಂದೇ ಕಡೆಗೆ ಹರಿಯುತ್ತವೆ. ‘ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ’ ಅನ್ನುತ್ತೇವೆ. ಸನ್ಯಾಸಿಯ ಸಹವಾಸದಿಂದ ಎದುರಿನವನು ಏನಾದ? ‘ಹೂವಿನ ಜೊತೆ ನಾರೂ ಸ್ವರ್ಗಕ್ಕೆ’ ಹೋಯಿತು, ಸರಿ. ನಾರಿಲ್ಲದೆ ಹೂವು ಮಾಲೆಯಾಗುತ್ತಿತ್ತೇ? ‘ಅವನ ಗಾಳಿ ಇವನಿಗೆ ಸೋಕೈತಿ’ ಅನ್ನುವುದೂ ಹಾಗೆಯೇ. ಸಹವಾಸವಂತೂ ‘ಸಾವಾಸ’ ಆಗಿ ಪೂರ್ತಿ ಕೆಟ್ಟಿದೆ, ‘ಅವನ ಸಾವಾಸಾನೇ ಬ್ಯಾಡ’ ಅನ್ನುವಾಗ ಮಾತ್ರ ಬರುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಗಾದೆಯಲ್ಲಿ ಇಬ್ಬರಿದ್ದಾರೆ, ಆದರೆ ಯಾರೂ ಬದಲಾಗುವುದಿಲ್ಲ. ಅಕ್ಕಮಹಾದೇವಿಯ ‘ಸಂಗ’ ತುಂಬಾ ಹತ್ತಿರ ಬರುತ್ತದೆ. ಸಂಗವಿಲ್ಲದೆ ಬೆಂಕಿ ಹುಟ್ಟದು, ಬೀಜ ಮೊಳೆಯದು ಅನ್ನುತ್ತಾಳೆ ಅಕ್ಕ. ಆದರೆ ಅದು ನಾಮಪದ. ನನಗೆ ಬೇಕಿರುವುದು ಕ್ರಿಯಾಪದ.

ಇದನ್ನೇ ನಮ್ಮ ಕೂಟದಲ್ಲಿ ಹೇಳಿದಾಗ, ಬೇಸಾಯ ಮಾಡುವ ಹಿರಿಯರೊಬ್ಬರು ತಮ್ಮ ಹೊಲದ ಸಂಗತಿ ಹೇಳಿದರು. ಹೊಸ ಹೋರಿಯನ್ನು ಹಳೇ ಎತ್ತಿನ ಜೋಡಿ ನೊಗಕ್ಕೆ ಹೂಡಿದ್ದರಂತೆ. ಹೋರಿ ಮುಂದಕ್ಕೆ ಜಗ್ಗುತ್ತಿತ್ತು, ಎತ್ತು ನಿಧಾನ. ನೊಗ ಓರೆಯಾಗಿ ಸಾಲು ಸೊಟ್ಟ ಬೀಳುತ್ತಿತ್ತು. ‘ಎಂಟು ದಿನಕ್ಕ ಹೋರಿ ನಡಿಗಿ ಇಳೀತು, ಎತ್ತಿನ ನಡಿಗಿ ಏರಿತು. ಎರಡೂ ಪಳಗಿದ್ವು ನೋಡ್ರಿ’ ಅಂದರು.

ಆ ‘ಎರಡೂ’ ನನ್ನನ್ನು ಹಿಡಿದು ನಿಲ್ಲಿಸಿತು. ಬರಹದಲ್ಲಿ ನಾವು ಆನೆಯನ್ನು ಪಳಗಿಸುತ್ತೇವೆ, ‘ಪಳಗಿದ ಕೈ’ ಅನ್ನುತ್ತೇವೆ. ಪಳಗಿಸುವುದಕ್ಕೆ ಒಬ್ಬ ಯಜಮಾನ ಬೇಕು. ಪಳಗುವುದಕ್ಕೆ ಬೇಡ. ತಮಿಳಿನಲ್ಲಿ ಇದೇ ಪದಕ್ಕೆ ರೂಢಿಯಾಗು ಅನ್ನುವುದರ ಜೊತೆಗೆ ಒಬ್ಬರ ಜೊತೆ ಬೆರೆತು ಒಡನಾಡು ಅನ್ನುವ ಅರ್ಥವೂ ಇದೆ, ದಿನಬಳಕೆಯಲ್ಲೇ ಇದೆ. ‘ಸ್ಯಾಂಚೋ ಮತ್ತು ಕ್ವಿಕ್ಸೋಟ್ ಒಬ್ಬರಿಗೊಬ್ಬರು ಪಳಗಿದರು’ ಅಂತ ಬರೆದರೆ ನನ್ನ ಕಿವಿಗೆ ಹಿತವಾಗಿದೆ. ಕೂಟದ ಇಬ್ಬರಿಗೆ ಮಾತ್ರ ಸರ್ಕಸ್ಸಿನ ಆನೆ ನೆನಪಾಯಿತಂತೆ. ‘ಒಗ್ಗಿದರು’ ಅನ್ನಿ ಅಂದರು. ಒಗ್ಗುವುದರಲ್ಲಿ ಸಹಿಸಿಕೊಂಡ ಭಾವವೇ ಜಾಸ್ತಿ ಅನ್ನಿಸಿ ನಾನು ಒಪ್ಪಲಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ನಿಮ್ಮ ಕಡೆ, ಅದರಲ್ಲೂ ಕೋಲಾರ, ಚಾಮರಾಜನಗರದಂಥ ತಮಿಳಿನ ಗಡಿಯಲ್ಲಿ, ಮನುಷ್ಯರ ನಡುವೆ ‘ಅವನ ಜೊತೆ ಪಳಗಿದ್ದೇನೆ’ ಅನ್ನುವುದುಂಟೇ? ಅಂದರೆ ಯಾವ ಅರ್ಥದಲ್ಲಿ? ಕೊಪ್ಪಳ, ಬಳ್ಳಾರಿಯವರು ಎತ್ತಿನ ಜೋಡಿ ಕೂಡುವುದಕ್ಕೆ ಬೇರೆ ಮಾತು ಬಳಸುತ್ತಿದ್ದರೆ ಅದನ್ನು ಕೇಳಿದ ವಾಕ್ಯದ ಸಮೇತ ತಿಳಿಸಿ.